‘ಹೋ ಜಾಯೇಗಾ’ ಎಂಬ ವ್ಯಾಪಾರ

ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನು ನನ್ನ ಫೋನನ್ನು ತಿರುಗಿಸಿ ನೋಡಿದ್ದು ಹತ್ತು ಸೆಕೆಂಡೂ ಇಲ್ಲ. ‘ಹೋ ಜಾಯೇಗಾ ಸಾಬ್’ ಎಂದ. ನಾಲ್ಕು ಸಾವಿರ, ಮುಂಗಡ.

ಕಳೆದದ್ದು ಒಂದು ಧ್ವನಿಮುದ್ರಣ. ಡೊಂಬಿವಲಿಯ ನಮ್ಮ ಕಟ್ಟಡದ ಅಜ್ಜ, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು, ಎರಡು ಗಂಟೆ ಮಾತಾಡಿದ್ದರು. ‘ಜಾಗ ಸಾಲದು’ ಎಂದು ಫೋನು ಗೋಗರೆದಾಗ ಯಾರದೋ ಮದುವೆಯ ವೀಡಿಯೋಗಳ ಜೊತೆ ಅದನ್ನೂ ಅಳಿಸಿಬಿಟ್ಟೆ. ಗೊತ್ತಾಗುವ ಹೊತ್ತಿಗೆ ಅಜ್ಜ ತೀರಿಕೊಂಡಿದ್ದರು. ತಪ್ಪು ನನ್ನದೇ, ಯಾರ ತಲೆಗೂ ಕಟ್ಟುವುದಿಲ್ಲ.

ಎರಡು ದಿನ ಬಿಟ್ಟು ಸಿಕ್ಕಿದ್ದು ಎಂಟುನೂರು ಚಿತ್ರ. ಗುಡ್ ಮಾರ್ನಿಂಗ್ ಗುಲಾಬಿಗಳು, ಉಗುರಿನಷ್ಟು ಮುಖಗಳು. ಗ್ಯಾಲರಿ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ಪುಟ್ಟ ಪ್ರತಿಗಳವು. ಅಳಿಸಿಹೋದವೇ ಅಲ್ಲ! ಧ್ವನಿ? ‘ವೋ ಕರಪ್ಟ್ ಹೋ ಗಯಾ ಸಾಬ್.’

ಹಳೆಯ ಮೆಮೊರಿ ಕಾರ್ಡಿನ ಮಾತು ಬೇರೆ. ಅಲ್ಲಿ ಅಳಿಸುವುದೆಂದರೆ ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರಕ್ಕೆ ಗೀಟು ಎಳೆದ ಹಾಗೆ. ಸರಕು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೊಂದು ಬಂದು ಕೂರುವ ತನಕ. ಕಾರ್ಡನ್ನು ತಕ್ಷಣ ಕಿತ್ತು ಕಂಪ್ಯೂಟರಿಗೆ ಹಾಕಿದರೆ ಫೋಟೋರೆಕ್ ಎಂಬ ಬಿಟ್ಟಿ ತಂತ್ರಾಂಶವೇ ಬೇಕಾದಷ್ಟು ಎತ್ತಿಕೊಡುತ್ತದೆ. ಆದರೆ 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ ಹೊಸ ಫೋನುಗಳ ಒಳಸಂಗ್ರಹ ಗೂಢಲಿಪಿಯಲ್ಲೇ ಇರಬೇಕೆಂಬುದು ನಿಯಮ. ಕಡತ ಅಳಿಸಿದರೆ ಅದರ ಬೀಗದ ಕೈಯೂ ಹೋಯಿತು. ಖಾಲಿಯಾದ ಜಾಗ ಯಾವುದೆಂದು ಟ್ರಿಮ್ ಎಂಬ ಆದೇಶ ಚಿಪ್ಪಿಗೆ ತಿಳಿಸುತ್ತದೆ, ಚಿಪ್ಪು ತನ್ನ ಪಾಡಿಗೆ ಗುಡಿಸಿ ಹಾಕುತ್ತದೆ. ಇಷ್ಟಾದ ಮೇಲೆ ‘ರಿಕವರಿ’ ಆ್ಯಪು ಹುಡುಕುವುದಾದರೂ ಏನನ್ನು? ಅದಕ್ಕೆ ಚಿಪ್ಪಿನ ತಳ ಮುಟ್ಟುವ ಅಧಿಕಾರವೇ ಇಲ್ಲ. ಇರುವುದು ನಿಮ್ಮ ಉಳಿದ ಕಡತಗಳನ್ನೆಲ್ಲ ನೋಡುವ ಅನುಮತಿ. ಅದನ್ನೂ ಗಾಬರಿಯಲ್ಲಿ ನೀವೇ ಕೊಟ್ಟಿರುತ್ತೀರಿ.

ಗೂಢಲಿಪಿ ಬೇಡ ಎನ್ನುತ್ತಿಲ್ಲ. ಕಲ್ಯಾಣ್ ಲೋಕಲಿನಲ್ಲಿ ಒಮ್ಮೆ ಫೋನು ಕಳಕೊಂಡವನಿಗೆ ಅದರ ಬೆಲೆ ಗೊತ್ತು. ನನ್ನ ಸಿಟ್ಟು ‘ಸಿಗುವುದಿಲ್ಲ, ದುಡ್ಡು ಹಾಳುಮಾಡಬೇಡಿ’ ಎಂದು ಹೇಳಲಾರದ ವ್ಯಾಪಾರದ ಮೇಲೆ. ಮೊದಲು ಕಸದಬುಟ್ಟಿ ನೋಡಿದಿರಾ ಎಂದು ಕೂಡ ಅವನು ಕೇಳಲಿಲ್ಲ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದ ಮೇಲೂ 60 ದಿನ ಬುಟ್ಟಿಯಲ್ಲಿರುತ್ತದೆ. ನನ್ನ ರೆಕಾರ್ಡರಿಗೆ ಅಂಥ ಬುಟ್ಟಿ ಇರಲಿಲ್ಲ, ಅದು ಬೇರೆ.

ಇನ್ನೊಂದು ಸಿಟ್ಟು ನಮ್ಮವರ ಮೇಲೆಯೇ. ಸಂಘದ ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಫಲಕಗಳಿಗೆ ಸುರಿಯುವ ದುಡ್ಡಿನಲ್ಲಿ ಎರಡು ಹಾರ್ಡ್ ಡಿಸ್ಕ್ ಬರುತ್ತವೆ. ಒಂದು ಕಚೇರಿಯಲ್ಲಿ, ಇನ್ನೊಂದು ಯಾರದಾದರೂ ಮನೆಯಲ್ಲಿ ಇರಲಿ ಎಂದು ಕಳೆದ ಸಭೆಯಲ್ಲಿ ಹೇಳಿದೆ. ‘ಎಲ್ಲ ಫೋನಿನಲ್ಲೇ ಇದೆಯಲ್ಲ ಮಾರಾಯ್ರೆ’ ಎಂದರು ಕಾರ್ಯದರ್ಶಿಗಳು. ಸಭೆ ಊಟಕ್ಕೆ ಎದ್ದಿತು.

ಅದೇ ರಾತ್ರಿಶಾಲೆಯಲ್ಲಿ ಓದಿದ ಇನ್ನಿಬ್ಬರು ನಮ್ಮ ಓಣಿಯಲ್ಲಿದ್ದಾರೆ. ಒಬ್ಬರಿಗೆ 88 ವರ್ಷ, ಕಿವಿ ಮಂದ, ಮಾತು ಮಾತ್ರ ಗಟ್ಟಿ. ಈ ಭಾನುವಾರ ಹೋಗುತ್ತಿದ್ದೇನೆ. ಹಾರ್ಡ್ ಡಿಸ್ಕ್ ನಿನ್ನೆಯೇ ಕೊಂಡೆ, ಅದೇ ಲ್ಯಾಮಿಂಗ್ಟನ್ ರೋಡಿನಲ್ಲಿ, ಬೇರೆ ಅಂಗಡಿಯಲ್ಲಿ.