ಮೇಷ್ಟ್ರ ಮನೆಯ ಕಂಪ್ರೆಸರ್

ಪಂಕ್ಚರ್ ಅಂಗಡಿಯ ಮುಂದೆ ಉದ್ದನೆಯ ಕಬ್ಬಿಣದ ಟ್ಯಾಂಕೊಂದು ಮಲಗಿರುತ್ತದಲ್ಲ, ಬೆನ್ನ ಮೇಲೆ ಒಂದು ಮೋಟಾರು, ಪಕ್ಕದಲ್ಲೊಂದು ಪಂಪು, ಎರಡರ ನಡುವೆ ಬೆಲ್ಟು? ಅದೇ ಏರ್ ಕಂಪ್ರೆಸರ್. ಸುತ್ತಲಿನ ಗಾಳಿಯನ್ನು ಎಳೆದು, ಹಿಂಡಿ, ಟ್ಯಾಂಕಿನೊಳಗೆ ತುರುಕಿಡುವುದಷ್ಟೇ ಅದರ ಕೆಲಸ. ಅದರ ಪುಟ್ಟ ತಮ್ಮನೊಬ್ಬ ನಮ್ಮ ಪಕ್ಕದ ಮನೆ ಮೇಷ್ಟ್ರ ಕೊಟ್ಟಿಗೆಯ ಮೂಲೆಯಲ್ಲಿದ್ದ. 50 ಲೀಟರಿನದು. ಅವರ ಮಗ ಊರಲ್ಲಿದ್ದಾಗ ಗೇಟಿಗೆ ಬಣ್ಣ ಹೊಡೆಯಲು ತಂದದ್ದು. ಆತ ಕೆಲಸ ಹಿಡಿದು ಹೊರಟ ಮೇಲೆ ಆರು ಮಳೆಗಾಲ ಅದನ್ನು ಯಾರೂ ಮುಟ್ಟಿರಲಿಲ್ಲ.

ಮೇಷ್ಟ್ರಿಗೆ ಈಗ ಒಂದು ಆಸೆ. ಶಾಲೆಗೆ ಹೋಗುವ ಮಕ್ಕಳ ಸೈಕಲ್ಲಿಗೆ ತಮ್ಮ ಜಗಲಿಯಲ್ಲೇ ಗಾಳಿ ತುಂಬಿಸಿಕೊಡಬೇಕು. "ನೀವು ಐಟಿಐನಲ್ಲಿ ಪಾಠ ಹೇಳಿದವರು, ಒಂದು ಸಲ ನೋಡಿ" ಎಂದು ಕರೆದರು. ಸ್ವಿಚ್ ಹಾಕಲು ಕೈ ಚಾಚಿದವರನ್ನು ತಡೆದು, ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಇಂಥ ಯಂತ್ರದ ರಿಪೇರಿ ಅಲ್ಲಿಂದಲೇ ಶುರುವಾಗಬೇಕು.

ಟ್ಯಾಂಕಿನ ಹೊಟ್ಟೆಯಡಿ ಒಂದು ತಿರುಪು ಇರುತ್ತದೆ. ಮೀಟರಿನ ಮುಳ್ಳು ಸೊನ್ನೆಯಲ್ಲೇ ಇದ್ದರೂ ಅದನ್ನು ನಿಧಾನಕ್ಕೆ ಬಿಚ್ಚಿದೆ. ಚಹಾ ಬಣ್ಣದ ನೀರು, ಎರಡು ಚೊಂಬು ಬಂತು.

"ಅಜ್ಜ, ಗಾಳಿ ತುಂಬೋ ಟ್ಯಾಂಕಿಗೆ ನೀರು ಯಾರು ಹಾಕಿದ್ರು?" ಎಂದಳು ಮೊಮ್ಮಗಳು.

ಯಾರೂ ಹಾಕಿದ್ದಲ್ಲ. ಗಾಳಿಯೇ ಹೊತ್ತು ತಂದದ್ದು. 25 ಡಿಗ್ರಿ ಶಾಖದಲ್ಲಿ 1000 ಲೀಟರ್ ಗಾಳಿ ಸುಮಾರು 23 ಗ್ರಾಂ ನೀರಿನ ಆವಿಯನ್ನು ಹೊರಬಲ್ಲದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹೆಚ್ಚು ಕಡಿಮೆ ಅಷ್ಟನ್ನೂ ಹೊತ್ತುಕೊಂಡೇ ಓಡಾಡುತ್ತದೆ. 50 ಲೀಟರಿನ ಟ್ಯಾಂಕನ್ನು 8 ಕೆ.ಜಿ. ಒತ್ತಡಕ್ಕೆ ತುಂಬಬೇಕಾದರೆ ಹೊರಗಿನ ಗಾಳಿ ಸುಮಾರು 400 ಲೀಟರ್ ಒಳಗೆ ಹೋಗಬೇಕು. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಆವಿಗೆ ಆವಿಯಾಗಿ ಉಳಿಯಲು ಎಡೆ ಎಲ್ಲಿ? ನೀರಾಗಿ ತಳಕ್ಕೆ ಇಳಿಯುತ್ತದೆ. ಒಂದು ಸಲ ತುಂಬಿದರೆ ಹತ್ತಿರ ಹತ್ತಿರ ಎರಡು ಟೀ ಚಮಚ. ದಿನಾ ಬಿಟ್ಟುಬಿಟ್ಟರೆ ತೊಂದರೆಯಿಲ್ಲ, ಬಿಡದಿದ್ದರೆ ಒಳಗೇ ಕೂತು ಕಬ್ಬಿಣ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ!

ಪಂಪಿನ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿತ್ತು. ಅದೂ ನೀರಿನದೇ ಕೆಲಸ. ಅದನ್ನು ಚೆಲ್ಲದೆ ಡಬ್ಬದಲ್ಲಿ ಹಿಡಿದಿಟ್ಟು, ಕಂಪ್ರೆಸರಿಗೆಂದೇ ಸಿಗುವ ಎಣ್ಣೆ ಹಾಕಿದೆವು. ಗಾಳಿ ಎಳೆಯುವ ಫಿಲ್ಟರಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬೆಲ್ಟು ಹಿಡಿದು ಪಂಪಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಒಳಗೆ ಹಿಡಿದುಕೊಂಡಿಲ್ಲ ಎಂದು ಸಮಾಧಾನ. ನೀರಿನ ತಿರುಪನ್ನು ತೆರೆದೇ ಇಟ್ಟು, ಟ್ಯಾಂಕಿನಲ್ಲಿ ಒತ್ತಡ ಏರದಂತೆ ನೋಡಿಕೊಂಡು ಸ್ವಿಚ್ ಹಾಕಿದರೆ ಮೋಟಾರು "ಗುಂಯ್" ಎಂದಿತೇ ಹೊರತು ತಿರುಗಲಿಲ್ಲ. ಸೀಲಿಂಗ್ ಫ್ಯಾನು ಹೀಗೆ ಗುಂಯ್‌ಗುಟ್ಟಿದಾಗ ಅಜ್ಜಂದಿರು ಏನನ್ನು ಬದಲಾಯಿಸುತ್ತಾರೆ? ಇಲ್ಲೂ ಅದೇ, ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದು ಒಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು, ಆದ್ದರಿಂದ ಎಲೆಕ್ಟ್ರಿಷಿಯನ್ ಬಂದೇ ಹಾಕಿದ. ಮೋಟಾರು ಓಡಿತು.

ಮೇಷ್ಟ್ರು ಆಗಲೇ ಸೈಕಲ್ ತರಲು ಹೊರಟಿದ್ದರು. ನಾನು ಒಪ್ಪಲಿಲ್ಲ. 8 ಕೆ.ಜಿ. ಒತ್ತಡವೆಂದರೆ ಟ್ಯಾಂಕಿನ ಒಳಗೋಡೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 8 ಕೆ.ಜಿ. ಭಾರ. ಉದ್ದ 10, ಅಗಲ 10 ಸೆಂಟಿಮೀಟರಿನ ಜಾಗದ ಮೇಲೆ ಎಷ್ಟಾಯಿತು, ಗುಣಿಸಿ: 800 ಕೆ.ಜಿ. ಹದಿನಾರು ಮೂಟೆ ಅಕ್ಕಿ! ಆ ಗೋಡೆ ಒಳಗಿನಿಂದ ಎಷ್ಟು ಸವೆದಿದೆ ಎಂದು ತಿಳಿಯದೆ ಮಕ್ಕಳನ್ನು ಅದರ ಪಕ್ಕ ನಿಲ್ಲಿಸುವುದು ಹೇಗೆ?

ಟ್ಯಾಂಕನ್ನು ಬಿಚ್ಚಿ, ಒತ್ತಡದ ಪರೀಕ್ಷೆ ಮಾಡುವ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ಅದರ ತುಂಬ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ, ಕೆಲಸದ ಒತ್ತಡದ ಒಂದೂವರೆ ಪಟ್ಟಿನವರೆಗೆ. ಗಾಳಿಯ ಟ್ಯಾಂಕಿಗೆ ನೀರಿನ ಪರೀಕ್ಷೆ ಯಾಕೆ? ಸೂಜಿಯಿಲ್ಲದ ಹೊಸ ಸಿರಿಂಜ್ ಒಂದನ್ನು ತೆಗೆದುಕೊಳ್ಳಿ. ಗಾಳಿ ಎಳೆದು, ತುದಿಯನ್ನು ಬೆರಳಿಂದ ಮುಚ್ಚಿ ಒತ್ತಿ. ಹಿಡಿ ಒಳಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ನೆಗೆಯುತ್ತದೆ. ಈಗ ನೀರು ತುಂಬಿಸಿ ಒತ್ತಿ. ಜಪ್ಪಯ್ಯ ಅಂದರೂ ಕದಲದು. ನೀರು ಕುಗ್ಗುವುದು ತೀರ ಕಡಿಮೆ, ಹಾಗಾಗಿ ನೆಗೆಯುವ ಶಕ್ತಿಯನ್ನೂ ಅದು ಅಷ್ಟಾಗಿ ಕೂಡಿಡುವುದಿಲ್ಲ. ಟ್ಯಾಂಕು ಬಿರುಕು ಬಿಟ್ಟರೆ ನೀರು ಜಿನುಗಿ ಒತ್ತಡ ಕುಸಿಯುತ್ತದೆ. ಗಾಳಿಯಾದರೆ ಬಾಂಬು.

ಮುಳ್ಳು 12ಕ್ಕೆ ಹೋಗಬೇಕಿತ್ತು. 6 ಮುಟ್ಟುವಷ್ಟರಲ್ಲಿ ಟ್ಯಾಂಕಿನ ತಳದಲ್ಲಿ ಸಾಸಿವೆಯಷ್ಟು ಹನಿ ಕಾಣಿಸಿತು. ಒರೆಸಿದೆವು, ಮತ್ತೆ ಬಂತು.

"ಸೂಜಿಮೊನೆಯಷ್ಟು ತೂತು. ಒಂದು ಚುಕ್ಕೆ ವೆಲ್ಡಿಂಗ್ ಹೊಡೆಸಿದರಾಯ್ತಲ್ಲ?" ಎಂದರು ಮೇಷ್ಟ್ರು. ಹೊಸ ಟ್ಯಾಂಕಿನ ಬೆಲೆ ಕೇಳಿ ಅವರ ಮುಖ ಸಣ್ಣದಾಗಿತ್ತು.

"ಮೇಷ್ಟ್ರೇ, ತುಕ್ಕು ತಳವನ್ನೆಲ್ಲ ಮೇಯ್ದಿದೆ. ಮೊದಲು ಮುಗಿದ ಜಾಗ ಮಾತ್ರ ನಮಗೆ ಕಾಣ್ತಿದೆ" ಎಂದೆ. ಹಳೆಯ ತಗಡಿನ ಬಕೆಟ್ಟಿಗೆ ಒಂದು ಕಡೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಸೋರುತ್ತದಲ್ಲ, ಹಾಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ದುಡ್ಡು ಎಣಿಸಿ ತೆಗೆದರು.

ಹಳೆಯ ಪಂಪು, ಮೋಟಾರನ್ನೇ ಹೊಸ ಟ್ಯಾಂಕಿನ ಮೇಲೆ ಕೂರಿಸಿದೆವು. ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಕೂಡ ಹೊಸದು. ಮೊಮ್ಮಗಳು ಸೋಪಿನ ನೊರೆಯನ್ನು ಜೋಡಣೆಗಳಿಗೆಲ್ಲ ಬಳಿದಳು. ಒಂದು ಕಡೆ ಗುಳ್ಳೆ ಎದ್ದಿತು, ಅಲ್ಲಿ ಬಿಗಿ ಮಾಡಿದೆ. ಮೋಟಾರು ನಿಂತ ಕೂಡಲೇ ಸ್ವಿಚ್ಚಿನ ಬಳಿ "ಪುಸ್" ಎಂದು ಒಂದು ಸಲ ಸದ್ದಾದರೆ ಹೆದರಬೇಡಿ. ಪಂಪಿನ ತಲೆಯಲ್ಲಿ ಉಳಿದ ಗಾಳಿ ಹೊರಹೋಗಿ, ಮುಂದಿನ ಸಲ ಮೋಟಾರು ಹಗುರಾಗಿ ಹೊರಡಲಿ ಎಂದು ಆ ಏರ್ಪಾಡು. "ಪುಸ್ಸ್ಸ್" ಎಂದು ನಿಲ್ಲದೇ ಹೋದರೆ ಮಾತ್ರ, ಟ್ಯಾಂಕಿನ ಗಾಳಿ ಹಿಂದೆ ಬರದಂತೆ ತಡೆಯುವ ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದು ಅರ್ಥ.

ಸಂಜೆ ಪ್ಲಗ್ ಕಿತ್ತು ತಿರುಪು ಬಿಚ್ಚಿ ನೀರು ಬಿಡುವ ಕೆಲಸ ಮೇಷ್ಟ್ರದು. ಹಳೆಯ ಟ್ಯಾಂಕನ್ನು ಇಡಿಯಾಗಿ ಗುಜರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಯಾರಾದರೂ ಆ ಚುಕ್ಕೆಗೆ ವೆಲ್ಡಿಂಗ್ ಹೊಡೆದು, ಬಣ್ಣ ಬಳಿದು ಮಾರಿಯಾರು. ಡ್ರಿಲ್ಲಿಂಗ್ ಮಶೀನಿನಲ್ಲಿ ಎಂಟು ತೂತು ಕೊರೆದೇ ಕೊಟ್ಟೆವು.