ಅಧ್ಯಾಪಕರು ಎಷ್ಟು ಕಾಲ ನಿಲ್ಲುತ್ತಾರೆ?

ಕಾಲೇಜುಗಳಲ್ಲಿ ಅಧ್ಯಾಪಕರ ಹುದ್ದೆಗಳು ಎಷ್ಟು ಖಾಲಿಯಿವೆ ಎಂಬ ಲೆಕ್ಕ ಆಗಾಗ ಪ್ರಕಟವಾಗುತ್ತದೆ. ಬಂದವರು ಎಷ್ಟು ಕಾಲ ನಿಂತರು ಎಂದು ಕೇಳುವವರು ವಿರಳ. ಹೊಸಬಾಳೆಯಂಥ ಹಳ್ಳಿಯಿಂದ ಸೊರಬಕ್ಕೋ ಶಿಕಾರಿಪುರಕ್ಕೋ ಬಸ್ಸು ಹಿಡಿದು ಪದವಿ ತರಗತಿಗೆ ಬರುವ ವಿದ್ಯಾರ್ಥಿಗೆ ಈ ಎರಡನೆಯ ಲೆಕ್ಕವೇ ಮುಖ್ಯವಾದುದು. ಅವನ ವ್ಯಾಸಂಗ 3 ವರ್ಷದ್ದು. ಮೊದಲನೆಯ ವರ್ಷ ಪಾಠ ಹೇಳಿದವರು ಮೂರನೆಯ ವರ್ಷಕ್ಕೂ ಇರುವರೇ? ನಡುವೆ ಒಬ್ಬರು ಹೋಗಿ ಇನ್ನೊಬ್ಬರು ಬಂದರೆ ಇಲಾಖೆಯ ಪಟ್ಟಿಯಲ್ಲಿ ಹುದ್ದೆ ತುಂಬಿಯೇ ಇರುತ್ತದೆ. ವಿದ್ಯಾರ್ಥಿಯ ಪಾಲಿಗೆ ಹಿಡಿದ ಎಳೆ ಕಡಿದುಹೋಗಿರುತ್ತದೆ.

ಇಂಥ ಪ್ರಶ್ನೆಗಳಿಗೆಂದೇ ಒಂದು ಗಣಿತವುಂಟು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾ ನಗರದ ಜನನ ಮರಣಗಳ ದಾಖಲೆಯಿಂದ ಆಯುಷ್ಯದ ಕೋಷ್ಟಕವೊಂದನ್ನು ರಚಿಸಿದನು. ಇನ್ನೂ ಮುಗಿಯದ ಅವಧಿಗಳನ್ನು ಎಣಿಸುವುದು ಹೇಗೆಂಬ ತೊಡಕಿಗೆ 1958ರಲ್ಲಿ ಕಾಪ್ಲನ್ ಮತ್ತು ಮಯರ್ ಎಂಬವರು ಸುಲಭವಾದ ಕ್ರಮವನ್ನು ನಿರೂಪಿಸಿದರು. ಇದನ್ನು ನಾವು ಉಳಿವಿನ ವಿಶ್ಲೇಷಣೆ ಎಂದು ಕರೆಯೋಣ.

ಒಂದು ಕಲ್ಪಿತ ಕಾಲೇಜಿಗೆ 10 ಮಂದಿ ಸೇರಿದರೆನ್ನಿ. ವರ್ಷ ತುಂಬುವುದರೊಳಗೆ ಇಬ್ಬರು ಹೋದರು. ಉಳಿದವರಲ್ಲಿ ಇಬ್ಬರು ತಡವಾಗಿ ಸೇರಿದವರು. ಅವರಿಗೆ ಈಗ ತಾನೆ ಒಂದು ವರ್ಷ ತುಂಬಿದೆ, ಇನ್ನೂ ಇದ್ದಾರೆ. ಮಿಕ್ಕ ಆರು ಮಂದಿಯಲ್ಲಿ ಎರಡನೆಯ ವರ್ಷ ಒಬ್ಬರು ಹೋದರು. ಎರಡು ವರ್ಷ ನಿಲ್ಲುವವರು ನೂರಕ್ಕೆ ಎಷ್ಟು? ಹತ್ತರಲ್ಲಿ ಮೂವರು ಹೋದರು, ಆದುದರಿಂದ 70 ಎನ್ನುವುದು ತಪ್ಪು. ತಡವಾಗಿ ಬಂದ ಇಬ್ಬರು ಎರಡನೆಯ ವರ್ಷದ ಪರೀಕ್ಷೆಯನ್ನು ಎದುರಿಸಿಯೇ ಇಲ್ಲ. ಅವರನ್ನು ಪೂರ್ತಿಯಾಗಿ ಕೈಬಿಟ್ಟು ಎಂಟರಲ್ಲಿ ಐವರು ಎನ್ನುವುದೂ ತಪ್ಪು. ಮೊದಲನೆಯ ವರ್ಷವನ್ನು ಅವರು ದಾಟಿದ್ದಾರಷ್ಟೆ. ಮೊದಲನೆಯ ವರ್ಷ ಹತ್ತರಲ್ಲಿ ಎಂಟು, ಎರಡನೆಯ ವರ್ಷ ಆರರಲ್ಲಿ ಐದು. ಇವೆರಡನ್ನೂ ಗುಣಿಸಿದರೆ ಮೂರರಲ್ಲಿ ಎರಡು, ಅಂದರೆ ನೂರಕ್ಕೆ ಸುಮಾರು 67. ಯಾರು ಎಷ್ಟು ಕಾಲ ಕಣ್ಣ ಮುಂದಿದ್ದರೋ ಅಷ್ಟನ್ನು ಮಾತ್ರ ಎಣಿಸಿದ್ದೇವೆ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ವಿಕಿರಣಪಟು ಧಾತುಗಳ ನೆನಪಾಗದಿರದು. ಅಯೊಡೀನ್-131ರ ಅರ್ಧಾಯು ಸುಮಾರು 8 ದಿನ. ಇಂದು ಹುಟ್ಟಿದ ಪರಮಾಣುವಿಗೂ ತಿಂಗಳಿಂದ ಉಳಿದುಬಂದ ಪರಮಾಣುವಿಗೂ ನಾಳೆ ಕ್ಷಯಿಸುವ ಸಂಭಾವ್ಯತೆ ಒಂದೇ. ಪರಮಾಣುವಿಗೆ ಮುಪ್ಪೆಂಬುದಿಲ್ಲ, ಮನೆ ಮಾಡಬೇಕಾಗಿಲ್ಲ, ಮಕ್ಕಳನ್ನು ಶಾಲೆಗೆ ಸೇರಿಸಬೇಕಾಗಿಲ್ಲ. ಅಧ್ಯಾಪಕನು ಹಾಗಲ್ಲ. ಊರಿನಲ್ಲಿ ಬೇರೂರಿದವನು ಹೋಗುವುದೂ ನಿನ್ನೆ ಬಂದವನು ಹೋಗುವುದೂ ಸಮಾನ ಸಂಭವವಲ್ಲ. 60ನೆಯ ವಯಸ್ಸಿಗೆ ನಿವೃತ್ತಿಯಂತೂ ಖಚಿತ. ಆದುದರಿಂದ ಒಂದೇ ಸರಾಸರಿಯಿಂದ ಪ್ರಯೋಜನವಿಲ್ಲ. ರೇಖೆ ಯಾವ ವರ್ಷದಲ್ಲಿ ಕಡಿದಾಗಿ ಇಳಿಯುತ್ತದೆಂದು ನೋಡಬೇಕು.

ಗಣಿತಕ್ಕಿಂತ ಕಠಿನವಾದುದು ‘ಹೋಗುವುದು’ ಎಂದರೇನೆಂಬ ನಿರ್ಣಯ. ಸೊರಬದಿಂದ ಶಿವಮೊಗ್ಗಕ್ಕೆ ವರ್ಗವಾದ ಅಧ್ಯಾಪಕರು ಬೆಂಗಳೂರಿನ ಇಲಾಖೆಯ ಲೆಕ್ಕದಲ್ಲಿ ಉಳಿದವರು. ಸೊರಬದ ತರಗತಿಯ ಲೆಕ್ಕದಲ್ಲಿ ಹೋದವರು. ಇನ್ನು ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ವರ್ಷದ ಕೊನೆಗೆ ಅವರು ಬಿಟ್ಟುಹೋದರೆನ್ನುವುದು ನ್ಯಾಯವಲ್ಲ. ಆದೇಶವೇ ಅವರನ್ನು ಬಿಡಿಸಿದೆ. ಈ ಭೇದವನ್ನು ಬರೆದಿಡದೆ ಎಳೆದ ರೇಖೆ ವ್ಯವಸ್ಥೆಯ ದೋಷವನ್ನು ವ್ಯಕ್ತಿಯ ಚಂಚಲತೆಯೆಂದು ತೋರಿಸೀತು.

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯವು ಶಂಕರಘಟ್ಟದಲ್ಲಿ ಕುಳಿತೇ ಈ ಕೆಲಸವನ್ನು ಮಾಡಿಸಬಹುದೆಂದು ನಮ್ಮ ಅಭಿಪ್ರಾಯ. ಸೇರಿದ ದಿನ, ಬಿಟ್ಟ ದಿನ, ಬಿಡಲು ಕಾರಣ: ಇಷ್ಟೇ ಸಾಮಗ್ರಿ. ಹೆಸರು ಬೇಡ. ಒಂದೊಂದು ಕಾಲೇಜಿನಲ್ಲಿ ಅಧ್ಯಾಪಕರ ಸಂಖ್ಯೆ ಚಿಕ್ಕದು, ಒಬ್ಬರು ಹೋದರೂ ರೇಖೆ ತೂಗಾಡುತ್ತದೆ ಎಂಬ ಆಕ್ಷೇಪ ಸರಿಯಾದುದೇ. ಅದಕ್ಕೆ ಹಲವು ತಾಲ್ಲೂಕುಗಳ ಕಾಲೇಜುಗಳನ್ನು ಒಟ್ಟುಗೂಡಿಸಿ, ಖಾಯಂ ನೌಕರರಿಗೆ ಒಂದು, ಅತಿಥಿ ಉಪನ್ಯಾಸಕರಿಗೆ ಒಂದು ರೇಖೆಯನ್ನು ಬೇರೆಬೇರೆಯಾಗಿ ಎಳೆಯಬೇಕು. ಸಂಖ್ಯಾಶಾಸ್ತ್ರ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ದೊರೆಯಲಾರದು.