ಷಡ್ಜ, ಪಂಚಮ ಮತ್ತು ಎಲೆಕ್ಟ್ರಿಕ್ ಗಿಟಾರ್

ತ್ಯಾಗರಾಜರ ಕೃತಿಗೆ ಎಲೆಕ್ಟ್ರಿಕ್ ಗಿಟಾರೂ ಡ್ರಮ್ಸೂ ಸೇರಿದರೆ ಅಪಚಾರವೇ? ಕರ್ನಾಟಕ ಸಂಗೀತಕ್ಕೆ ರಾಕ್ ಬೆರೆಸುವ ಬೆಂಗಳೂರಿನ ‘ಅಗಮ್’ ತಂಡದ ಮಾತು ಬಂದಾಗಲೆಲ್ಲ ಈ ತಕರಾರು ಏಳುತ್ತದೆ. ಇದಕ್ಕೆ ಉತ್ತರ ಹೇಳಲು ಕನ್ನಡ-ತೆಲುಗು ಗಡಿಯ ನೇಮಕಲ್ಲು, ರಾಯದುರ್ಗದ ಕಡೆಯ ನಾವು ತಕ್ಕ ಜನ. ಶ್ರಾವಣದಲ್ಲಿ ಕಸಾಪುರ, ನೇಮಕಲ್ಲು, ಮುರಡಿಯ ಆಂಜನೇಯರನ್ನು ಒಂದೇ ದಿನ ನೋಡಬೇಕೆಂದು ಹೊರಡುವ ಭಕ್ತರಲ್ಲಿ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ಹಾಡು ಯಾವ ಭಾಷೆಯದೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದ ಅವರು ಕನ್ನಡದಲ್ಲೂ ಬರೆದವರು. 1974ರಲ್ಲಿ ಸಂಗೀತ ಕಲಾನಿಧಿ ಗೌರವ ಪಡೆದವರು. ಅನ್ನಮಾಚಾರ್ಯರ ಕೀರ್ತನೆಗಳಿದ್ದ ತಿರುಪತಿಯ ತಾಮ್ರಫಲಕಗಳಲ್ಲಿ ರಾಗದ ಹೆಸರಿತ್ತು, ಸ್ವರಲಿಪಿ ಇರಲಿಲ್ಲ. ಅಂಥ ಅನೇಕ ಕೀರ್ತನೆಗಳಿಗೆ ಶರ್ಮರು ಸ್ವರ ಹಾಕಿದರು. ಇಂದು ಅವನ್ನು ಯಾರೂ ಹೊಸದೆನ್ನುವುದಿಲ್ಲ. ಹಳೆಯ ಸಾಹಿತ್ಯವನ್ನು ಮುಟ್ಟುವುದೇ ತಪ್ಪಾಗಿದ್ದರೆ ಆ ಕೀರ್ತನೆಗಳು ಫಲಕದಲ್ಲೇ ಉಳಿಯುತ್ತಿದ್ದವು. ಹಾಗಾಗಿ ಮುಟ್ಟಿದವನಿಗೆ ರಾಗ ತಿಳಿದಿದೆಯೇ ಎಂದಷ್ಟೇ ನಾವು ಕೇಳಬೇಕು.

ಈ ಮಾತಿಗೆ ಅಗಮ್‌ನ ಎರಡನೇ ಆಲ್ಬಂ ‘ಎ ಡ್ರೀಮ್ ಟು ರಿಮೆಂಬರ್’ ಒಳ್ಳೆಯ ಪರೀಕ್ಷೆ. ತಂಡ ಕಟ್ಟಿದ್ದು 2003ರಲ್ಲಿ, ಮೊದಲ ಆಲ್ಬಂ ಬಂದದ್ದು 2012ರಲ್ಲಿ, ಎರಡನೆಯದು 2017ರಲ್ಲಿ. ಮೊದಲ ಆಲ್ಬಮ್ಮಿಗೆ ವರ್ಷಗಟ್ಟಲೆ ವೇದಿಕೆಯಲ್ಲಿ ಪಳಗಿದ ಹಾಡುಗಳಿರುತ್ತವೆ. ಸರಕು ಇನ್ನೂ ಇದೆಯೇ ಎಂಬುದು ಎರಡನೆಯದರಲ್ಲಿ ಗೊತ್ತಾಗುತ್ತದೆ. ಪ್ರೊಗ್ರೆಸಿವ್ ಮೆಟಲ್‌ನ ದೊಡ್ಡ ಹೆಸರಾದ ಅಮೆರಿಕದ ‘ಡ್ರೀಮ್ ಥಿಯೇಟರ್’ ತಂಡವನ್ನು ಜಗತ್ತು ಗುರುತಿಸಿದ್ದೂ 1992ರ ಎರಡನೇ ಆಲ್ಬಮ್ಮಿನಿಂದಲೇ. ಆ ಸಂಗೀತದ ಹೆಮ್ಮೆಯೆಂದರೆ ಐದು, ಏಳು, ಒಂಬತ್ತರ ಲಯ. ಖಂಡ, ಮಿಶ್ರ, ಸಂಕೀರ್ಣ ಎಂದು ತಾಳ ಹಾಕಿ ಬೆಳೆದವರಿಗೆ ಅದೇನೂ ಸೋಜಿಗವಲ್ಲ.

ಕಷ್ಟವಿರುವುದು ಗಿಟಾರಿನಲ್ಲಿ. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಏರಿಸಿ ಮೂರು ಸ್ವರಗಳ ಪೂರ್ಣ ಕಾರ್ಡ್ ಮೀಟಿದರೆ ಸ್ವರಗಳು ಕಲಸಿಹೋಗುತ್ತವೆ. ಅದಕ್ಕೇ ಮೆಟಲ್ ವಾದಕರು ನಡುವಿನ ಗಾಂಧಾರ ಬಿಟ್ಟು ಷಡ್ಜ, ಪಂಚಮಗಳನ್ನು ಮಾತ್ರ ಹಿಡಿಯುತ್ತಾರೆ. ಇದೇ ಪವರ್ ಕಾರ್ಡ್. ನಮ್ಮ ತಂಬೂರಿ ಸಾಮಾನ್ಯವಾಗಿ ನುಡಿಯುವುದೂ ಈ ಎರಡನ್ನೇ. ಷಡ್ಜದ ಮೇಲೆ ನಿಂತಷ್ಟು ಹೊತ್ತು ಜಗಳವಿಲ್ಲ. ಆದರೆ ಈ ಆಲ್ಬಮ್ಮಿನ ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ನೋಡಿ. ಅದರ ಬುನಾದಿ ತ್ಯಾಗರಾಜರ ‘ಮನವ್ಯಾಲಕಿಂಚರ’, ರಾಗ ನಳಿನಕಾಂತಿ. ಅಲ್ಲಿ ಪವರ್ ಕಾರ್ಡ್ ರಿಷಭಕ್ಕೆ ಸರಿದರೆ ಜೊತೆಗೆ ಧೈವತ ಮೊಳಗುತ್ತದೆ. ನಳಿನಕಾಂತಿಯಲ್ಲಿ ಧೈವತವೇ ಇಲ್ಲ. ಎಲ್ಲಿ ಮೀಟಬೇಕು, ಎಲ್ಲಿ ಕೈ ತಡೆಯಬೇಕು ಎಂಬ ವಿವೇಕ ಬೇಕಾಗುವುದು ಇಂಥ ಕಡೆ. ತಂಡದ ಗಾಯಕ ಹರೀಶ್ ಶಿವರಾಮಕೃಷ್ಣನ್ ಅವರ ಕಂಠ ರಾಗದ ವಕ್ರ ನಡೆಯನ್ನು ಬಿಟ್ಟುಕೊಡುವುದಿಲ್ಲ. ಹಿಂದೆ ಎಷ್ಟೇ ಸದ್ದಿದ್ದರೂ ಪಲ್ಲವಿ ಕೇಳಿದ ಕೂಡಲೇ ಕೃತಿಯ ಗುರುತು ಸಿಗುತ್ತದೆ.

ದೀಕ್ಷಿತರ ಹೆಸರಿನಲ್ಲಿ ಪ್ರಸಿದ್ಧವಾದ ‘ರಂಗಪುರ ವಿಹಾರ’ವೂ ಇದೇ ಆಲ್ಬಮ್ಮಿನಲ್ಲಿದೆ. ಬೃಂದಾವನ ಸಾರಂಗದ ಆ ಮೆಲುಪಿಗೆ ರಾಕ್ ವಾದ್ಯಗಳು ಚೆನ್ನಾಗಿ ಹೊಂದಿಕೊಂಡಿವೆ. ‘ಸಾಗರ ಶಯನ ವಿಭೋ’ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಅದನ್ನು ಬಾಗೇಶ್ರೀಯಲ್ಲಿ ರಚಿಸಿದ ಎಂ.ಡಿ. ರಾಮನಾಥನ್ ತಗ್ಗು ಶ್ರುತಿಗೆ, ನಿಧಾನಕ್ಕೆ ಹೆಸರಾದವರು; ಎರಡು ಸ್ವರಗಳ ನಡುವಿನ ಮೌನವನ್ನೂ ಹಾಡಿದವರು. ಬ್ಯಾಂಡಿಗೆ ಆ ಮೌನದ ಅಭ್ಯಾಸವಿಲ್ಲ, ಖಾಲಿ ಜಾಗ ಕಂಡರೆ ತುಂಬಿಬಿಡುತ್ತದೆ. ಬೆರಕೆಯಿಂದ ಕೃತಿಗೆ ನಷ್ಟವಾಗುವುದಾದರೆ ಅದು ಇಲ್ಲಿಯೇ. ಸಂಪ್ರದಾಯಸ್ಥರು ಗಿಟಾರನ್ನು ಬೈಯುವ ಬದಲು ಈ ಆತುರವನ್ನು ಬೈದರೆ ನಾನೂ ದನಿಗೂಡಿಸುತ್ತೇನೆ.

ಒಟ್ಟು ಲೆಕ್ಕದಲ್ಲಿ ಇದು ಗೆದ್ದ ಆಲ್ಬಂ. ಇಂಥ ಬೆರಕೆ ಕನ್ನಡ ಸಾಹಿತ್ಯಕ್ಕೂ ಹೊಸದಲ್ಲ: ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಪದವನ್ನು 1996ರಲ್ಲಿ ‘ಕಲೋನಿಯಲ್ ಕಸಿನ್ಸ್’ ಜೋಡಿಯ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಪಾಪ್ ಧಾಟಿಯಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಬಳ್ಳಾರಿ, ರಾಯದುರ್ಗ, ಮಡಕಶಿರಾ, ಅನಂತಪುರದಲ್ಲಿ ಗಿಟಾರ್ ಹಿಡಿದಿರುವ ಹುಡುಗ ಹುಡುಗಿಯರೇ, ದಾಸರ ಪದಗಳಿವೆ. ಕನ್ನಡ ತೆಲುಗು ಎರಡರಲ್ಲೂ ಹಾಡು ಕಟ್ಟಿದ ಕೈವಾರ ತಾತಯ್ಯನವರ ತತ್ವಪದಗಳಿವೆ. ಮೊದಲು ಬಲ್ಲವರ ಹತ್ತಿರ ಕೂತು ಅವನ್ನು ಪಾಠ ಮಾಡಿಕೊಳ್ಳಿ, ಆಮೇಲೆ ಆಂಪ್ಲಿಫೈಯರ್ ಹಾಕಿ.